ರುವುಮಾ ದಡದ ಗೇರು, ವಂಡ್ಸೆ ಸೀಮೆಯ ಬಟವಾಡೆ

ವಂಡ್ಸೆ ಹೋಬಳಿಯ ಗೇರುಹಾಡಿಗಳಲ್ಲಿ ಫಸಲು ಮಾರ್ಚಿನಲ್ಲಿ ಸುರುವಾದರೆ ಮೇ ಕೊನೆಗೆ ಮುಗಿಯಿತು. ಆಮೇಲೆ ಮಳೆ. ಆದರೆ ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ಗೇರುಬೀಜ ಕಾರ್ಖಾನೆಗಳಿಗೆ ವರ್ಷವಿಡೀ ಬೀಜ ಬೇಕು. ಅಲ್ಲಿ ಬೀಜ ಒಡೆದು, ಸಿಪ್ಪೆ ಸುಲಿದು, ತಿರುಳನ್ನು ಗಾತ್ರ ನೋಡಿ ಬೇರ್ಪಡಿಸುವವರು ಹೆಚ್ಚಿನಂಶ ಹೆಂಗಸರು. ಮಕ್ಕಳ ಶಾಲೆ, ಸಂಘದ ಸಾಲದ ಕಂತು, ಮುದುಕರ ಔಷಧಿ ಎಲ್ಲವೂ ಅವರ ಬಟವಾಡೆಯ ಮೇಲೆಯೇ ನಿಂತಿವೆ. ಊರಿನ ಬೀಜ ಇಷ್ಟಕ್ಕೆಲ್ಲ ಸಾಲುವುದಿಲ್ಲ. ಉಳಿದದ್ದು ಆಫ್ರಿಕದಿಂದ ಹಡಗಿನಲ್ಲಿ ನವಮಂಗಳೂರು ಬಂದರಿಗೆ ಇಳಿದು, ಲಾರಿ ಏರಿ ಬರುತ್ತದೆ. ಪಶ್ಚಿಮ ಆಫ್ರಿಕದ ಕೊಯ್ಲು ಹೆಚ್ಚುಕಡಿಮೆ ನಮ್ಮ ಕಾಲಕ್ಕೇ ಬರುತ್ತದೆ. ತಾಂಜಾನಿಯಾದ್ದು ಅಕ್ಟೋಬರಿನಿಂದ ಜನವರಿಯವರೆಗೆ, ಅಂದರೆ ನಮ್ಮ ಗೋದಾಮುಗಳು ಬರಿದಾಗುವ ಹೊತ್ತಿಗೆ. ಹಾಗಾಗಿ ಆ ದೇಶ ನೆಮ್ಮದಿಯಿಂದಿದ್ದರೆ ನಮ್ಮ ಮನೆಗಳಿಗೂ ಒಳ್ಳೆಯದು. ಆ ನೆಮ್ಮದಿ ಬಂದದ್ದು ಹೇಗೆ ಎಂದು ನಾವು ಕೇಳಿದ್ದು ಕಡಿಮೆ.

ತಾಂಜಾನಿಯಾದ ಗೇರು ಬೆಳೆಯುವುದು ಮುಖ್ಯವಾಗಿ ದಕ್ಷಿಣದ ಮ್ಟ್ವಾರಾ, ಲಿಂಡಿ ಪ್ರಾಂತಗಳಲ್ಲಿ. ಅದರಾಚೆ ರುವುಮಾ ನದಿ, ನದಿಯಾಚೆ ಮೊಜಾಂಬಿಕ್. 1960ರ ದಶಕದಲ್ಲಿ ನದಿಯ ಆ ದಡದಲ್ಲಿ ಪೋರ್ಚುಗೀಸರ ಆಳ್ವಿಕೆಯಿತ್ತು. ಈ ದಡದಲ್ಲಿದ್ದದ್ದು 1961ರಲ್ಲಷ್ಟೇ ಸ್ವತಂತ್ರವಾದ ಬಡ ದೇಶ. ಅದರ ನಾಯಕ ಜೂಲಿಯಸ್ ನ್ಯೆರೆರೆ ಶಾಲಾ ಮೇಷ್ಟ್ರಾಗಿದ್ದವರು; ಜನ ಅವರನ್ನು ಕೊನೆಯವರೆಗೂ ‘ಮ್ವಾಲಿಮು’, ಅಂದರೆ ಮೇಷ್ಟ್ರು, ಎಂದೇ ಕರೆದರು. ತನ್ನ ಮನೆ ಗಟ್ಟಿಯಾಗುವವರೆಗೆ ನೆರೆಮನೆಯ ಉಸಾಬರಿ ಬೇಡ ಎಂದು ಅವರು ಸುಮ್ಮನಿರಬಹುದಿತ್ತು. ಇರಲಿಲ್ಲ. ಮೊಜಾಂಬಿಕ್‌ನ ವಿಮೋಚನಾ ಸಂಘಟನೆ ಫ್ರೆಲಿಮೊ 1962ರಲ್ಲಿ ಹುಟ್ಟಿದ್ದು ದಾರ್ ಎಸ್ ಸಲಾಮ್‌ನಲ್ಲಿ. ಮರುವರ್ಷ ಆಫ್ರಿಕನ್ ಏಕತಾ ಸಂಘಟನೆ ರಚಿಸಿದ ವಿಮೋಚನಾ ಸಮಿತಿಯ ಕಚೇರಿಯೂ ಅಲ್ಲೇ ತೆರೆಯಿತು. ಲಿಂಡಿ ಪ್ರಾಂತದ ನಚಿಂಗ್ವೆಯಾದಲ್ಲಿ ಫ್ರೆಲಿಮೊ ಹೋರಾಟಗಾರರ ತರಬೇತಿ ಶಿಬಿರವಿತ್ತು. ಗೇರು ಬೆಳೆಯುವ ಸೀಮೆಯೇ ಅದು.

ಈ ಬೆಂಬಲಕ್ಕೆ ತೆತ್ತ ಬೆಲೆ ಸಣ್ಣದಲ್ಲ. ನದಿ ದಾಟಿ ನಿರಾಶ್ರಿತರು ಬಂದರು. ಗಡಿಯ ಹಳ್ಳಿಗಳು ಯುದ್ಧದ ಬಿಸಿಯಲ್ಲೇ ಬದುಕಿದವು. ಫ್ರೆಲಿಮೊದ ಮೊದಲ ಅಧ್ಯಕ್ಷ ಎಡುವಾರ್ಡೊ ಮೊಂಡ್ಲಾನೆ 1969ರ ಫೆಬ್ರವರಿಯಲ್ಲಿ ದಾರ್ ಎಸ್ ಸಲಾಮ್‌ನಲ್ಲೇ ಪಾರ್ಸೆಲ್ ಬಾಂಬಿಗೆ ಬಲಿಯಾದರು. ಅದಕ್ಕೂ ಮೊದಲು, 1965ರಲ್ಲಿ, ಬ್ರಿಟಿಷ್ ವಸಾಹತಾಗಿದ್ದ ರೊಡೇಷಿಯಾದ ಬಿಳಿಯರು ತಾವೇ ಸ್ವಾತಂತ್ರ್ಯ ಘೋಷಿಸಿಕೊಂಡಾಗ ಬ್ರಿಟನ್ ಅದನ್ನು ತಡೆಯಲಿಲ್ಲ. ನ್ಯೆರೆರೆ ಬ್ರಿಟನ್ನಿನೊಂದಿಗೆ ರಾಜತಾಂತ್ರಿಕ ಸಂಬಂಧವನ್ನೇ ಕಡಿದರು. ಬರಬೇಕಿದ್ದ 75 ಲಕ್ಷ ಪೌಂಡ್ ಸಾಲ ಅಲ್ಲಿಗೇ ನಿಂತಿತು. ಹಸಿದ ದೇಶವೊಂದು ಬೇರೆಯವರ ಸ್ವಾತಂತ್ರ್ಯಕ್ಕಾಗಿ ತನ್ನ ತಟ್ಟೆಯ ಅನ್ನ ಬಿಟ್ಟುಕೊಟ್ಟ ಈ ನಿರ್ಧಾರವನ್ನು ನಾನು ಆ ಕಾಲದ ರಾಜತಾಂತ್ರಿಕತೆಯ ಅತ್ಯಂತ ಧೈರ್ಯದ ನಡೆಗಳಲ್ಲಿ ಒಂದೆಂದು ಎಣಿಸುತ್ತೇನೆ. 1975ರ ಜೂನ್ 25ರಂದು ಮೊಜಾಂಬಿಕ್ ಸ್ವತಂತ್ರವಾಯಿತು.

ನ್ಯೆರೆರೆ ಯುದ್ಧವನ್ನೂ ಮಾಡಿದರು. 1972ರಲ್ಲಿ ಉಗಾಂಡದ ಇದಿ ಅಮೀನ್ ಭಾರತೀಯ ಮೂಲದವರನ್ನು ಹೊರಗಟ್ಟಿದಾಗ ಆಫ್ರಿಕದ ನಾಯಕರಲ್ಲಿ ಅದನ್ನು ಬಾಯಿಬಿಟ್ಟು ಖಂಡಿಸಿದ ಕೆಲವರಲ್ಲಿ ಅವರೊಬ್ಬರು. 1978ರಲ್ಲಿ ಅಮೀನ್‌ನ ಸೇನೆ ಗಡಿ ದಾಟಿ ತಾಂಜಾನಿಯಾದ ಕಗೇರಾ ಸೀಮೆಗೆ ನುಗ್ಗಿತು. ತಾಂಜಾನಿಯಾ ಅದನ್ನು ಹಿಮ್ಮೆಟ್ಟಿಸಿದ್ದಷ್ಟೇ ಅಲ್ಲ, 1979ರ ಏಪ್ರಿಲ್‌ನಲ್ಲಿ ಉಗಾಂಡದ ರಾಜಧಾನಿ ಕಂಪಾಲವನ್ನೂ ಹಿಡಿಯಿತು. ಇನ್ನೊಂದು ದೇಶದ ಒಳಗೆ ಸೇನೆ ನುಗ್ಗಿಸಿದ್ದು ಸರಿಯೇ ಎಂದು ಏಕತಾ ಸಂಘಟನೆಯಲ್ಲಿ ಟೀಕೆ ಎದ್ದಿತು. ಯುದ್ಧದ ಖರ್ಚಿಗೆ ದೇಶದ ಬೊಕ್ಕಸ ಬರಿದಾಯಿತು.

ಒಳಗೂ ತಪ್ಪುಗಳಾದವು. ಗೇರಿನ ಕತೆಯಲ್ಲಿ ಅದು ನಿಚ್ಚಳವಾಗಿ ಕಾಣುತ್ತದೆ. 1973-74ರಲ್ಲಿ ಸುಮಾರು 1,45,000 ಟನ್ ಇದ್ದ ಬೆಳೆ 1986-87ರ ಹೊತ್ತಿಗೆ 20,000 ಟನ್ನಿಗಿಂತ ಕೆಳಗಿಳಿದಿತ್ತು. ‘ಉಜಾಮಾ’ ಗ್ರಾಮಗಳ ಹೆಸರಲ್ಲಿ ಸರಕಾರ ರೈತರನ್ನು ಅವರ ತೋಟಗಳಿಂದ ಎಬ್ಬಿಸಿ ದೂರ ಕೂರಿಸಿತ್ತು. ಮರಗಳನ್ನು ನೋಡಿಕೊಳ್ಳುವವರಿರಲಿಲ್ಲ. ಕೊಟ್ಟ ದರವೂ ಕಡಿಮೆ. ಮೇಲಿಂದ ಬೂದಿರೋಗ. ಹೊರಗಿನವರ ಬಿಡುಗಡೆಗೆ ಅಷ್ಟು ದುಡಿದ ಸರಕಾರ ತನ್ನದೇ ರೈತನ ಮಾತು ಕೇಳಲಿಲ್ಲ ಎಂಬುದು ನನಗೆ ನೋವಿನ ಸಂಗತಿ.

ಅಧಿಕಾರ ಬಿಟ್ಟ ಮೇಲಿನ ನ್ಯೆರೆರೆಯ ಕೆಲಸ ನನಗೆ ಇನ್ನೂ ಹತ್ತಿರದ್ದು. 1985ರಲ್ಲಿ ಅವರು ತಾವಾಗಿ ಅಧ್ಯಕ್ಷಗಿರಿಯಿಂದ ಇಳಿದರು. ನೆರೆಯ ಬುರುಂಡಿಯಲ್ಲಿ ಹುಟು-ಟುಟ್ಸಿ ಜನಾಂಗಗಳ ನಡುವಿನ ರಕ್ತಪಾತ ನಿಲ್ಲದಿದ್ದಾಗ, 1996ರಿಂದ ಸಂಧಾನಕ್ಕೆ ಕೂತರು. ಮಾತುಕತೆ ನಡೆದದ್ದು ಉತ್ತರದ ಅರುಶಾ ನಗರದಲ್ಲಿ. ಬುರುಂಡಿಯಲ್ಲಿ ಸೇನಾ ದಂಗೆಯಿಂದ ಬಂದ ಸರಕಾರದ ಮೇಲೆ ನೆರೆದೇಶಗಳೆಲ್ಲ ಸೇರಿ ಆರ್ಥಿಕ ದಿಗ್ಬಂಧನ ಹಾಕಿದವು. ಹಾಗೆ ಹಾಕುತ್ತಲೇ ಮಾತಿನ ಬಾಗಿಲನ್ನೂ ತೆರೆದಿಟ್ಟವು. 1999ರ ಅಕ್ಟೋಬರಿನಲ್ಲಿ ನ್ಯೆರೆರೆ ತೀರಿಕೊಂಡರು. ನೆಲ್ಸನ್ ಮಂಡೇಲಾ ಆ ಕೆಲಸ ಮುಂದುವರಿಸಿದರು. 2000ದ ಆಗಸ್ಟ್ 28ರಂದು ಅರುಶಾ ಒಪ್ಪಂದಕ್ಕೆ ಸಹಿ ಬಿತ್ತು. ರ‍್ವಾಂಡಾ ನರಮೇಧದ ಆರೋಪಿಗಳನ್ನು ವಿಚಾರಿಸಿದ ವಿಶ್ವಸಂಸ್ಥೆಯ ನ್ಯಾಯಮಂಡಳಿ ಕೂತದ್ದೂ ಅದೇ ಅರುಶಾದಲ್ಲಿ. 1972ರಲ್ಲಿ ಬುರುಂಡಿಯಿಂದ ಓಡಿಬಂದಿದ್ದವರ ಕುಟುಂಬಗಳಿಗೆ, ಒಂದೂವರೆ ಲಕ್ಷಕ್ಕೂ ಮಿಕ್ಕಿ ಜನರಿಗೆ, ತಾಂಜಾನಿಯಾ ಮುಂದೆ ಪೌರತ್ವವನ್ನೇ ಕೊಟ್ಟಿತು. ಸಿರಿವಂತ ದೇಶಗಳೂ ಇಷ್ಟು ಮಾಡಿದ್ದು ಅಪರೂಪ. ಭಾರತ ಸರಕಾರ ಗಾಂಧಿ ಶಾಂತಿ ಪ್ರಶಸ್ತಿಯನ್ನು ಸ್ಥಾಪಿಸಿ 1995ರಲ್ಲಿ ಮೊದಲು ಕೊಟ್ಟದ್ದು ನ್ಯೆರೆರೆಗೆ.

ಈಗಿನ ತಾಂಜಾನಿಯಾದ ಬಗ್ಗೆ ಕಹಿ ಮಾತನ್ನೂ ಹೇಳಲೇಬೇಕು. 2025ರ ಅಕ್ಟೋಬರ್ 29ರ ಚುನಾವಣೆಯಲ್ಲಿ ಪ್ರಮುಖ ವಿರೋಧಿಗಳು ಕಣದಲ್ಲೇ ಇರಲಿಲ್ಲ. ಬೀದಿಗಿಳಿದ ಜನರ ಮೇಲೆ ಗುಂಡು ಹಾರಿತು, ಕರ್ಫ್ಯೂ ಬಿತ್ತು, ಇಂಟರ್‌ನೆಟ್ ನಿಂತಿತು. ಆಫ್ರಿಕನ್ ಒಕ್ಕೂಟದ ವೀಕ್ಷಕರೇ ಆ ಚುನಾವಣೆ ತಮ್ಮ ಮಾನದಂಡಕ್ಕೆ ತಕ್ಕಂತಿಲ್ಲ ಎಂದರು. ನೆರೆಯವರ ಜಗಳ ಬಿಡಿಸಿದ ದೇಶಕ್ಕೆ ಈಗ ತನ್ನವರ ಜೊತೆಯೇ ಮಾತಿಗೆ ಕೂರಬೇಕಾದ ಕಾಲ ಬಂದಿದೆ.

ನಮಗೂ ಅವರಿಗೂ ನಡುವೆ ಇನ್ನೊಂದು ಮಾತುಕತೆ ಬಾಕಿಯಿದೆ. ತನ್ನ ಬೀಜವನ್ನು ತಾನೇ ಒಡೆದು ತಿರುಳು ಮಾರಬೇಕೆಂಬುದು ತಾಂಜಾನಿಯಾದ ಹಳೆಯ ಆಸೆ. ಅದರಲ್ಲಿ ಅನ್ಯಾಯವೇನಿಲ್ಲ. ನೆರೆಯ ಮೊಜಾಂಬಿಕ್‌ಗೆ ಆದದ್ದನ್ನು ನೋಡಿ. 1990ರ ದಶಕದಲ್ಲಿ ವಿಶ್ವಬ್ಯಾಂಕಿನ ಒತ್ತಡಕ್ಕೆ ಮಣಿದು ಅದು ಹಸಿಬೀಜದ ರಫ್ತು ಸುಂಕ ಇಳಿಸಿತು. ಬೀಜವೆಲ್ಲ ಭಾರತಕ್ಕೆ ಹರಿಯಿತು; ಮೊಜಾಂಬಿಕ್‌ನ ಕಾರ್ಖಾನೆಗಳು ಮುಚ್ಚಿ ಸಾವಿರಾರು ಕಾರ್ಮಿಕರು ಬೀದಿಗೆ ಬಿದ್ದರು. ನಮ್ಮ ಕಡೆಯ ಒಲೆ ಉರಿದಾಗ ಅಲ್ಲಿ ಆರಿದ ಒಲೆಗಳ ಲೆಕ್ಕ ಯಾರೂ ಇಡಲಿಲ್ಲ. 2018ರಲ್ಲಿ ವ್ಯಾಪಾರಿಗಳು ದರ ಇಳಿಸಿದಾಗ ತಾಂಜಾನಿಯಾದ ಅಧ್ಯಕ್ಷ ಮಗುಫುಲಿ ಸೇನೆಯನ್ನು ಕಳಿಸಿ, ಕಿಲೋಗೆ 3,300 ಶಿಲ್ಲಿಂಗ್ ದರದಲ್ಲಿ ಬೀಜ ಕೊಳ್ಳಿಸಿದರು. ಆ ದಾರಿಯಿಂದ ರೈತನಿಗೂ ಬಾಳುವ ಪರಿಹಾರ ಸಿಗಲಿಲ್ಲ, ಕೊಳ್ಳುವವರಿಗೂ ಸಿಗಲಿಲ್ಲ.

2023ರ ಅಕ್ಟೋಬರಿನಲ್ಲಿ ಅಧ್ಯಕ್ಷೆ ಸಮಿಯಾ ಸುಲುಹು ಹಸನ್ ದೆಹಲಿಗೆ ಬಂದಾಗ ಎರಡೂ ದೇಶಗಳ ನಂಟು ವ್ಯೂಹಾತ್ಮಕ ಪಾಲುದಾರಿಕೆಯ ಮಟ್ಟಕ್ಕೇರಿತು. ಮದ್ರಾಸ್ ಐಐಟಿಯ ಶಾಖೆ ಅದೇ ವರ್ಷ ಜಂಜಿಬಾರ್‌ನಲ್ಲಿ ಸುರುವಾಯಿತು. ಹಾಗೆಯೇ ಗೇರು ಸಂಸ್ಕರಣೆಯಲ್ಲೂ ಕೈಜೋಡಿಸಬಹುದು. ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯದಲ್ಲಿ ತಳಿಯ ಜ್ಞಾನವಿದೆ. ಕರಾವಳಿಯಲ್ಲಿ ಒಡೆಯುವ, ಸುಲಿಯುವ ಪಳಗಿದ ಕೈಗಳಿವೆ. ಒಂದಷ್ಟು ಬೀಜ ಮ್ಟ್ವಾರಾದಲ್ಲೇ ತಿರುಳಾಗಲಿ, ಒಂದಷ್ಟು ನಿಶ್ಚಿತ ದರಕ್ಕೆ, ಹಲವು ವರ್ಷಗಳ ಕರಾರಿನ ಮೇಲೆ ಇಲ್ಲಿಗೆ ಬರಲಿ. ಅಂಥ ಕರಾರಿಗೆ ಕೂರುವಾಗ ಮಂಗಳೂರಿನ ಆಮದುದಾರರು, ಕುಂದಾಪುರದ ಕಾರ್ಖಾನೆ ಮಾಲೀಕರು, ಲಿಂಡಿಯ ರೈತ ಸಹಕಾರಿ ಸಂಘದವರು ಇರುತ್ತಾರೆ. ವಂಡ್ಸೆ ಸೀಮೆಯಿಂದ ಬೀಜ ಒಡೆಯುವ ಹೆಂಗಸರ ಪರವಾಗಿಯೂ ಒಬ್ಬರು ಅಲ್ಲಿ ಕೂರಬೇಕು.