ಆವಕವುಂಟು, ಜಾವಕವಿಲ್ಲ
ಥಲಸ್ಸೇಮಿಯಾ ಪೀಡಿತರ ದೇಹದಲ್ಲಿ ಕಬ್ಬಿಣದ ಶೇಖರಣೆ

ರಕ್ತದಾನ ಶಿಬಿರಗಳಿಗೆ ನೆರವಾಗುವುದರಲ್ಲಿ ನಮ್ಮ ಭಾಗದ ವ್ಯಾಪಾರಸ್ಥರು ಹಾಗೂ ಸಣ್ಣ ಉದ್ದಿಮೆದಾರರು ಹಿಂದೆ ಬಿದ್ದವರಲ್ಲ. ಆ ರಕ್ತವನ್ನೇ ನಂಬಿ ಬದುಕುವವರಲ್ಲಿ ಥಲಸ್ಸೇಮಿಯಾ ಪೀಡಿತ ಮಕ್ಕಳೂ ಸೇರಿದ್ದಾರೆ. ಆದರೆ ರಕ್ತ ದೊರೆತ ಮಾತ್ರಕ್ಕೆ ಅವರ ಚಿಕಿತ್ಸೆ ಪೂರ್ಣಗೊಳ್ಳುವುದಿಲ್ಲ.

ಥಲಸ್ಸೇಮಿಯಾ ಅನುವಂಶಿಕ ರಕ್ತದೋಷ. ತೀವ್ರ ಸ್ವರೂಪದಲ್ಲಿ ದೇಹವು ಸಾಕಷ್ಟು ಹಿಮೋಗ್ಲೋಬಿನ್ ತಯಾರಿಸಲಾರದು. 2ರಿಂದ 4 ವಾರಗಳಿಗೊಮ್ಮೆ ರಕ್ತ ಕೊಡಿಸಬೇಕು. ಪ್ರತಿ ಯೂನಿಟ್ ರಕ್ತದೊಡನೆ 200ರಿಂದ 250 ಮಿಲಿಗ್ರಾಂ ಕಬ್ಬಿಣ ದೇಹ ಸೇರುತ್ತದೆ. ದೇಹವು ತಾನಾಗಿ ಹೊರಹಾಕುವುದು ದಿನಕ್ಕೆ 1ರಿಂದ 2 ಮಿಲಿಗ್ರಾಂ ಮಾತ್ರ. ಪೇಟೆಯ ಭಾಷೆಯಲ್ಲಿ ಹೇಳುವುದಾದರೆ, ಆವಕವುಂಟು, ಜಾವಕವಿಲ್ಲ. 3 ವಾರಕ್ಕೊಂದು ಯೂನಿಟ್‌ನಂತೆ ವರ್ಷಕ್ಕೆ 17 ಯೂನಿಟ್ ಎಂದರೆ ಸುಮಾರು 3.4ರಿಂದ 4.2 ಗ್ರಾಂ ಕಬ್ಬಿಣ. ಆರೋಗ್ಯವಂತ ವಯಸ್ಕನ ಇಡೀ ದೇಹದಲ್ಲಿರುವುದೇ 3ರಿಂದ 4 ಗ್ರಾಂ!

ಈ ದಾಸ್ತಾನು ಸದ್ದಿಲ್ಲದೆ ಅಂಗಾಂಗಗಳನ್ನು ಕೆಡಿಸುತ್ತದೆ. ಯಕೃತ್ತು ಗಟ್ಟಿಯಾಗುತ್ತದೆ; ಮೇದೋಜೀರಕ ಗ್ರಂಥಿ ಕೆಟ್ಟು ಮಧುಮೇಹ ಬರುತ್ತದೆ; ಪಿಟ್ಯೂಟರಿ ಗ್ರಂಥಿ ಕೆಟ್ಟು ಬೆಳವಣಿಗೆ, ಪ್ರೌಢತ್ವ ಕುಂಠಿತಗೊಳ್ಳುತ್ತವೆ. ಹೃದಯಕ್ಕೆ ತಗಲುವ ಹಾನಿಯೇ ಪ್ರಾಣಕ್ಕೆ ಎರವಾಗುವುದು ಹೆಚ್ಚು.

ಇದಕ್ಕೆ ಪರಿಹಾರವಿದೆ. ಹಿಂದೆ ಡೆಫೆರಾಕ್ಸಮೈನ್ ಔಷಧವನ್ನು ವಾರದ ಬಹುತೇಕ ದಿನ 8ರಿಂದ 12 ತಾಸು ಪಂಪಿನಿಂದ ಚರ್ಮದಡಿ ಹರಿಸಬೇಕಾಗಿತ್ತು. 1990ರ ದಶಕದಲ್ಲಿ ಡೆಫೆರಿಪ್ರೋನ್ ಭಾರತದಲ್ಲಿ ದೊರೆಯತೊಡಗಿತು. ದಿನಕ್ಕೊಮ್ಮೆ ಸೇವಿಸುವ ಡೆಫೆರಾಸಿರಾಕ್ಸ್‌ಗೆ 2005ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಸಾಮಾನ್ಯವಾಗಿ 10ರಿಂದ 20 ಬಾರಿ ರಕ್ತ ಪಡೆದ ಮೇಲೆ, ಇಲ್ಲವೆ ಫೆರಿಟಿನ್ ಪ್ರಮಾಣ 1000 ನ್ಯಾನೋಗ್ರಾಂ ದಾಟಿದಾಗ ಔಷಧ ಆರಂಭಿಸುತ್ತಾರೆ. ಬಳಿಕ ವೈದ್ಯರ ನಿಗಾದಲ್ಲಿ ಅದನ್ನು ತಪ್ಪದೆ ಮುಂದುವರಿಸಬೇಕು; 3 ತಿಂಗಳಿಗೊಮ್ಮೆ ಫೆರಿಟಿನ್ ಪರೀಕ್ಷೆ ಆಗಬೇಕು. ಇಂಥವರಿಗೆ ವೈದ್ಯರನ್ನು ಕೇಳದೆ ಕಬ್ಬಿಣಾಂಶದ ಟಾನಿಕ್ ಕೊಡಬಾರದು.

ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಭಾಗದ ಹಳ್ಳಿಯಿಂದ ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗಿಬರಲು ಕೂಲಿಕಾರ ತಂದೆಗೆ ಒಂದು ದಿನದ ದುಡಿಮೆ ತಪ್ಪುತ್ತದೆ. ಮಾತ್ರೆ ತಪ್ಪುವುದೂ ಇಂಥ ಬಡತನದಲ್ಲಿಯೇ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಥಲಸ್ಸೇಮಿಯಾ ಸೇರಿದೆ. ಪ್ರಮಾಣಪತ್ರ ಪಡೆಯಲು ಇಂಥ ಕುಟುಂಬಗಳಿಗೆ ಮಾರ್ಗದರ್ಶನ ಮಾಡಬಹುದು.

ನಮ್ಮ ಅಂಗಡಿ, ಗಿರಣಿ, ಕಾರ್ಖಾನೆಗಳಲ್ಲಿ ಇಂಥ ಮಗುವಿನ ಪಾಲಕರಿದ್ದರೆ ಆ ದಿನದ ಪಗಾರ ಹಿಡಿಯದೆ ರಜೆ ಕೊಡಬೇಕು. ರಕ್ತದಾನ ಶಿಬಿರಕ್ಕೆ ತೆಗೆದಿಡುವ ಹಣದಲ್ಲಿ ಒಂದು ಪಾಲನ್ನು ಮಾತ್ರೆ ಹಾಗೂ ಫೆರಿಟಿನ್ ಪರೀಕ್ಷೆಗೆ ಮೀಸಲಿಡಬೇಕು. ಸೋದರ ಸಂಬಂಧದ ಮದುವೆಗಳು ನಡೆಯುವ ನಮ್ಮ ಸೀಮೆಯಲ್ಲಿ ಮದುವೆಗೆ ಮುನ್ನ ಹಿಮೋಗ್ಲೋಬಿನ್ ಎ2 ಪರೀಕ್ಷೆ ಮಾಡಿಸುವುದು ಲೇಸು. ದಂಪತಿಗಳಿಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ತೀವ್ರ ರೋಗದ ಸಂಭವ ಶೇ. 25.

ದಾನದ ರಕ್ತದಿಂದ ಮಗು ಇಂದು ಬದುಕುತ್ತದೆ. ಕಬ್ಬಿಣ ಇಳಿಸುವ ಮಾತ್ರೆಯಿಂದ ಅದು ಬೆಳೆದು ದೊಡ್ಡದಾಗುತ್ತದೆ. ಎರಡರ ಹೊಣೆಯನ್ನೂ ಸದಸ್ಯ ಬಾಂಧವರು ಹೊರಬೇಕಾಗಿದೆ.