ಜೋಳದ ರೊಟ್ಟಿ ಮತ್ತು ನಯಾಸಿನ್ ಎಂಬ ಜೀವಸತ್ತ್ವ

ಕಲಬುರ್ಗಿ, ರಾಯಚೂರು, ಬೀದರ ಕಡೆಯಿಂದ ಈ ಊರಿಗೆ ದುಡಿಮೆಗೆ ಬಂದ ನಮ್ಮವರಲ್ಲಿ ಹಲವರು ಮೊದಲು ಖರ್ಚು ಕಡಿಮೆ ಮಾಡುವುದು ಊಟದಲ್ಲಿ. ರೊಟ್ಟಿ ಬಿಡುವುದಿಲ್ಲ, ರೊಟ್ಟಿಯ ಜೊತೆಗಿನದನ್ನು ಬಿಡುತ್ತಾರೆ. ಬೇಳೆ ತುಟ್ಟಿ, ಹಾಲು ಚಹಾಕ್ಕೆ ಮಾತ್ರ, ಕಾಯಿಪಲ್ಲೆ ಬೇಯಿಸಲು ಪುರಸತ್ತಿಲ್ಲ. ಖಾರ, ಉಪ್ಪು, ಒಂದು ಉಳ್ಳಾಗಡ್ಡಿ ಇದ್ದರಾಯಿತು. ಹೊಟ್ಟೆಯೇನೋ ತುಂಬುತ್ತದೆ. ಆದರೆ ಹೊಟ್ಟೆ ತುಂಬಿದವರಿಗೂ ಬರುವ ಒಂದು ರೋಗವುಂಟು. ನಮ್ಮ ಸೀಮೆಯಲ್ಲಿ ಅದು ಏಕೆ ಬರುತ್ತದೆಂಬುದನ್ನು ಹುಡುಕಿದ ಸಂಸ್ಥೆ ಈ ತಾರ್ನಾಕದಲ್ಲಿಯೇ ಇದೆ.

ಉಸ್ಮಾನಿಯಾ ವಿಶ್ವವಿದ್ಯಾಲಯದ ಮಗ್ಗುಲಲ್ಲಿರುವ ರಾಷ್ಟ್ರೀಯ ಪೋಷಣ ಸಂಸ್ಥೆಯ ಮುಂದೆ ವಾಚಕರಲ್ಲಿ ಬಹಳ ಮಂದಿ ದಿನವೂ ಹಾದುಹೋಗುತ್ತಿರಬಹುದು. ಅದು ಹುಟ್ಟಿದ್ದು ಇಲ್ಲಲ್ಲ, ನೀಲಗಿರಿಯ ಕೂನೂರಿನಲ್ಲಿ. 1918ರಲ್ಲಿ ಮೆಕ್‌ಕ್ಯಾರಿಸನ್ ಎಂಬ ವೈದ್ಯರು ಬೆರಿಬೆರಿ ರೋಗದ ವಿಚಾರಣೆಗೆಂದು ಅಲ್ಲಿ ಕೆಲಸ ಆರಂಭಿಸಿದರು. 1958ರಲ್ಲಿ ಸಂಸ್ಥೆ ಹೈದರಾಬಾದಿಗೆ ಬಂತು. 1969ರಲ್ಲಿ ಈಗಿನ ಹೆಸರು ಪಡೆಯಿತು.

ಜೀವಸತ್ತ್ವಗಳು, ಹಿಂದಿನ ಪಠ್ಯಪುಸ್ತಕಗಳ ಮಾತಿನಲ್ಲಿ ಅನ್ನಾಂಗಗಳು, ದೇಹಕ್ಕೆ ಬೇಕಾಗುವುದು ಮಿಲಿಗ್ರಾಂ ಲೆಕ್ಕದಲ್ಲಿ, ಕೆಲವು ಅದಕ್ಕಿಂತಲೂ ಕಡಿಮೆ. ಅವು ಶಕ್ತಿ ಕೊಡುವ ಸೌದೆಯಲ್ಲ. ಸೌದೆ ಉರಿಯುವಂತೆ ಮಾಡುವ ಕಿಡಿ. ನಯಾಸಿನ್ ಅಂತಹ ಒಂದು ಜೀವಸತ್ತ್ವ. ನಿಕೋಟಿನಿಕ್ ಆಮ್ಲವೆಂಬುದೂ ಅದರ ಹೆಸರೇ. ಹೆಸರು ತಂಬಾಕನ್ನು ನೆನಪಿಸಿದರೂ ಬೀಡಿ ಸೇದಿದರೆ ಅದು ಸಿಗುವುದಿಲ್ಲ!

ನಯಾಸಿನ್ ಸಾಲದೆ ಹೋದರೆ ಪೆಲ್ಲಾಗ್ರ ಬರುತ್ತದೆ. ಬಿಸಿಲು ತಾಗುವ ಕಡೆ, ಅಂದರೆ ಕೈಯ ಮೇಲ್ಭಾಗ, ಪಾದ, ಕುತ್ತಿಗೆಯ ಸುತ್ತ, ಚರ್ಮ ಕಪ್ಪಾಗಿ ಒರಟಾಗಿ ಸುಲಿಯುತ್ತದೆ. ಎಡಗೈಯಲ್ಲಿದ್ದರೆ ಬಲಗೈಯಲ್ಲಿಯೂ ಅದೇ ಜಾಗದಲ್ಲಿರುವುದು ಇದರ ಗುರುತು. ನಾಲಿಗೆ ಕೆಂಪಾಗಿ ಉರಿಯುತ್ತದೆ, ಭೇದಿಯಾಗುತ್ತದೆ, ನಿದ್ದೆ ಬರುವುದಿಲ್ಲ, ಮನಸ್ಸು ಕುಗ್ಗುತ್ತದೆ. ಅಲಕ್ಷ್ಯ ಮಾಡಿದರೆ ಬುದ್ಧಿಭ್ರಮೆ, ಕೊನೆಗೆ ಸಾವು.

ಯುರೋಪಿನಲ್ಲಿಯೂ ಅಮೆರಿಕದಲ್ಲಿಯೂ ಇದು ಮೆಕ್ಕೆಜೋಳವನ್ನೇ ನಂಬಿದ ಬಡವರ ರೋಗವಾಗಿತ್ತು. ಅಂಟುರೋಗವೆಂದೇ ಬಹುಜನ ತಿಳಿದಿದ್ದರು. 1914ರಿಂದ ದುಡಿದ ಗೋಲ್ಡ್‌ಬರ್ಗರ್ ಎಂಬ ವೈದ್ಯರು ಇದು ಆಹಾರದ ಕೊರತೆಯೆಂದು ತೋರಿಸಿದರು. 1937ರಲ್ಲಿ ಎಲ್ವೆಹೆಮ್ ಎಂಬವರು ಆ ಕೊರತೆ ನಯಾಸಿನ್‌ದೆಂದು ಗುರುತಿಸಿದರು. ಮೆಕ್ಕೆಜೋಳದಲ್ಲಿ ನಯಾಸಿನ್ ಇದ್ದರೂ ಬಿಗಿದು ಕಟ್ಟಿದಂತಿರುತ್ತದೆ, ಕರುಳಿಗೆ ದಕ್ಕುವುದಿಲ್ಲ. ಮೆಕ್ಸಿಕೋದ ಜನ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸುವುದರಿಂದ ಆ ಕಟ್ಟು ಸಡಿಲುತ್ತದೆ. ಯಾವ ಪ್ರಯೋಗಶಾಲೆಯೂ ಅವರಿಗೆ ಇದನ್ನು ಕಲಿಸಿರಲಿಲ್ಲ.

ಆದರೆ ದಖ್ಖನಿನಲ್ಲಿ ಪೆಲ್ಲಾಗ್ರ ಬಂದದ್ದು ಬಿಳಿಜೋಳ ಉಣ್ಣುವವರಿಗೆ, ಇಲ್ಲಿನ ತೆಲುಗರು ಜೊನ್ನಲು ಎನ್ನುತ್ತಾರಲ್ಲ, ಆ ಕಾಳಿನಿಂದ. ಇದೇ ಒಗಟು. 100 ಗ್ರಾಂ ಜೋಳದಲ್ಲಿ ಸುಮಾರು 3 ಮಿಲಿಗ್ರಾಂ ನಯಾಸಿನ್ ಇದೆ. ದಿನಕ್ಕೆ ಅರ್ಧ ಕಿಲೋ ಹಿಟ್ಟಿನ ರೊಟ್ಟಿ ತಿನ್ನುವ ದುಡಿಮೆಗಾರನಿಗೆ 15 ಮಿಲಿಗ್ರಾಂ ಆಯಿತು. ಬೇಕಾದುದೂ ಹೆಚ್ಚುಕಡಿಮೆ ಅಷ್ಟೇ. ಅಲ್ಲದೆ ಸಸಾರಜನಕದಲ್ಲಿರುವ ಟ್ರಿಪ್ಟೊಫೇನ್ ಎಂಬ ಅಂಶದಿಂದ ದೇಹವೇ ಸ್ವಲ್ಪ ನಯಾಸಿನ್ ತಯಾರಿಸಿಕೊಳ್ಳುತ್ತದೆ, 60 ಮಿಲಿಗ್ರಾಂಗೆ 1ರಂತೆ. ಲೆಕ್ಕ ಸರಿಯಾಗಿದೆ, ರೋಗವೂ ಇದೆ!

1960ರಲ್ಲಿ ಈ ಸಂಸ್ಥೆಯ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ ಒಂದು ಉತ್ತರ ಕೊಟ್ಟರು. ಜೋಳದಲ್ಲಿ ಲ್ಯೂಸಿನ್ ಎಂಬ ಇನ್ನೊಂದು ಅಂಶ ಅತಿಯಾಗಿದೆ. ಅದು ದೇಹದ ಈ ತಯಾರಿಕೆಯನ್ನು ಕೆಡಿಸುತ್ತದೆ ಎಂದು. 1965ರಲ್ಲಿ ಭವಾನಿ ಬೆಳವಾಡಿ ಮತ್ತು ಗೋಪಾಲನ್ ಅವರು ಜೋಳದ ಆಹಾರ ತಿನ್ನಿಸಿದ ನಾಯಿಗಳಲ್ಲಿ 'ಕಪ್ಪು ನಾಲಿಗೆ'ಯನ್ನು, ಅಂದರೆ ನಾಯಿಗಳ ಪೆಲ್ಲಾಗ್ರವನ್ನು, ಕಂಡರು. ಲ್ಯೂಸಿನ್ ವಾದವನ್ನು ಎಲ್ಲ ವಿಜ್ಞಾನಿಗಳೂ ಒಪ್ಪಿಲ್ಲ. ನನಗೆ ಅದಕ್ಕಿಂತ ಮುಖ್ಯವಾಗಿ ತೋರುವುದು, ರೋಗಿಗಳು ಬಹುಪಾಲು ಜೋಳ ಒಂದನ್ನೇ ಉಂಡ ಬಡವರಾಗಿದ್ದರೆಂಬ ಸಂಗತಿ.

ಆದ್ದರಿಂದ ರೊಟ್ಟಿಯನ್ನು ಬೈಯುವ ಕಾರಣವಿಲ್ಲ. ನಮ್ಮ ಹಿರಿಯರು ರೊಟ್ಟಿಯ ಜೊತೆಗೆ ಶೇಂಗಾ ಹಿಂಡಿ ಇಟ್ಟದ್ದು ರುಚಿಗಾಗಿಯೇ ಇರಬಹುದು. ಆದರೆ 100 ಗ್ರಾಂ ಶೇಂಗಾದಲ್ಲಿ ಸುಮಾರು 20 ಮಿಲಿಗ್ರಾಂ ನಯಾಸಿನ್ ಇದೆ; ಒಂದು ಹಿಡಿ, ಎಂದರೆ 30 ಗ್ರಾಂ, ತಿಂದರೆ 6 ಮಿಲಿಗ್ರಾಂ. ಹಾಲು, ಮೊಟ್ಟೆಗಳಲ್ಲಿ ನಯಾಸಿನ್ ಕಡಿಮೆಯಿದ್ದರೂ ಟ್ರಿಪ್ಟೊಫೇನ್ ಚೆನ್ನಾಗಿದೆ. ಕೋಣೆಯಲ್ಲಿ ನಾಲ್ವರು ಕೂಡಿ ಅಡಿಗೆ ಮಾಡುವವರು ವಾರಕ್ಕೊಮ್ಮೆ ಹಿಂಡಿ ಕುಟ್ಟಿಟ್ಟುಕೊಂಡರೆ ದಿನದಿನದ ಒಲೆಯ ಕೆಲಸವೂ ಇಲ್ಲ.

ಖನಿಜಗಳ ಮಾತೂ ಇದೇ ಬಗೆಯದು. ಜೋಳದಲ್ಲಿ ಕಬ್ಬಿಣವಿದೆ, ದೇಹಕ್ಕೆ ಹತ್ತುವುದು ಸ್ವಲ್ಪ. ಪಲ್ಲೆಯ ಮೇಲೆ ನಿಂಬೆಹಣ್ಣು ಹಿಂಡಿದರೆ ಹೆಚ್ಚು ಹತ್ತುತ್ತದೆ. ಉಂಡ ಕೂಡಲೆ ಚಹಾ ಕುಡಿದರೆ ಕಡಿಮೆಯಾಗುತ್ತದೆ. ಚಹಾ ಒಂದು ಗಂಟೆ ತಡೆದೀತು.

ಪೆಲ್ಲಾಗ್ರ ಈಗ ಅಪರೂಪ. ಆದರೂ ಊಟ ಬಿಟ್ಟು ಹೆಂಡ ಹಿಡಿದವರಲ್ಲಿ ಕಾಣುತ್ತದೆ. ಕ್ಷಯಕ್ಕೆ ಐಸೋನಿಯಾಜಿಡ್ ಮಾತ್ರೆ ನುಂಗುವವರಲ್ಲಿ ಕೆಲವರಿಗೂ ಬರುವುದುಂಟು. ಅಂತಹವರು ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು, ವೈದ್ಯರಿಗೆ ಕೈ ತೋರಿಸಬೇಕು. ಬಿಸಿಲಿಗೆ ಕಪ್ಪಾಯಿತೆಂದು ಮುಲಾಮು ಹಚ್ಚಿ ಕೂಡುವುದು ವ್ಯರ್ಥ. ರೋಗ ಇದೇ ಎಂದು ತಿಳಿದರೆ ಚಿಕಿತ್ಸೆ ಸುಲಭ: ನಯಾಸಿನಮೈಡ್ ಮಾತ್ರೆ, ಜೊತೆಗೆ ಒಳ್ಳೆಯ ಊಟ. ನಾಲಿಗೆಯ ಉರಿ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಚರ್ಮ ತಿಳಿಯಾಗಲು ವಾರಗಳು ಹಿಡಿಯುತ್ತವೆ.