ಬಣ್ಣದಿಂದ ಹೆಸರಾದ ಲವಣಗಳು

ಕಾವೇರಿಯ ದಡದ ಕೊಪ್ಪದಿಂದ ಪಿರಿಯಾಪಟ್ಟಣ, ಹುಣಸೂರುಗಳವರೆಗೆ ಹರಡಿರುವ ಹೊಗೆಸೊಪ್ಪಿನ ಸೀಮೆಯಲ್ಲಿ, ಸಸಿಮಡಿಗೆ ಕೊಳೆರೋಗ ತಗುಲದಂತೆ ಸುಣ್ಣದೊಡನೆ ಬೆರೆಸಿ ಹೊಯ್ಯುವ ನೀಲಿಯ ಹರಳನ್ನು, ಚೀಲದ ಮೇಲೆ ಕಾಪರ್ ಸಲ್ಫೇಟ್ ಎಂದು ಅಚ್ಚಾಗಿದ್ದರೂ, ಮೈಲುತುತ್ತವೆಂದೇ ಕೇಳಿ ಪಡೆಯುವುದು ರೂಢಿ. ಕಲಾಯಿಯವನು ಕೆಂಡದ ಮೇಲೆ ಕಾದ ಹಿತ್ತಾಳೆಯ ಪಾತ್ರೆಗೆ ಉದುರಿಸುವ ಅಮೋನಿಯಂ ಕ್ಲೋರೈಡ್ ಅವನಿಗೆ ನವಸಾಗರ; ಅದು ಕಾವಿಗೆ ಒಡೆದು ಅಮೋನಿಯಾ ಅನಿಲವೂ ಹೈಡ್ರೋಕ್ಲೋರಿಕ್ ಆಮ್ಲವೂ ಆಗಿ, ಲೋಹದ ಕಿಲುಬನ್ನು ಕಳೆದು, ತವರವು ಹಿಡಿಯುವಂತೆ ಮಾಡುವುದು.

ಈ ಎರಡು ಸರಕುಗಳು ಸಂಧಿಸಿದಲ್ಲಿ ರಸಾಯನಶಾಸ್ತ್ರದ ಒಂದು ರಮಣೀಯ ಅಧ್ಯಾಯವೇ ತೆರೆಯುತ್ತದೆ. ನವಸಾಗರವನ್ನು ಸುಣ್ಣದೊಡನೆ ಅರೆದಾಗ ಮೂಗಿಗಡರುವ ಅಮೋನಿಯಾವನ್ನು ಮೈಲುತುತ್ತದ ನೀರಿಗೆ ಹಾಯಿಸಿದರೆ, ಮೊದಲು ತಿಳಿನೀಲಿಯ ಗಸಿ ಕೂಡಿ, ಅಮೋನಿಯಾ ಹೆಚ್ಚಿದಂತೆಲ್ಲ ಆ ಗಸಿಯೇ ಕರಗಿ, ಕಡುನೀಲಿಯ ದ್ರವವೊಂದು ಮೈದೋರುವುದು.

ಕೋಬಾಲ್ಟ್ ಲೋಹವು ಇದೇ ಅಮೋನಿಯಾದೊಡನೆ ಕೂಡಿ ತಳೆಯುವ ವರ್ಣವೈವಿಧ್ಯವನ್ನು ಕಂಡು, ಫ್ರಾನ್ಸಿನ ಫ್ರೆಮಿ 1852ರಲ್ಲಿ ಆ ಲವಣಗಳಿಗೆ ಬಣ್ಣಗಳಿಂದಲೇ ನಾಮಕರಣ ಮಾಡಿದನು. ಹಳದಿಯದು ಲ್ಯೂಟಿಯೋ, ಗುಲಾಬಿಯದು ರೋಸಿಯೋ, ಕೆನ್ನೇರಿಳೆಯದು ಪರ್ಪ್ಯೂರಿಯೋ, ಹಸುರಿನದು ಪ್ರೇಸಿಯೋ. ಪಾಠಪುಸ್ತಕಗಳಿಂದ ಈಗ ಬಹುಮಟ್ಟಿಗೆ ಮರೆಯಾದ ಈ ನಾಮಗಳನ್ನು ಅಜ್ಞಾನಕಾಲದ ಅವಶೇಷವೆಂದು ತಳ್ಳುವುದು ಅನ್ಯಾಯವೆಂದೇ ನನ್ನ ಭಾವನೆ. ಏಕೆಂದರೆ, ಲೋಹದ ಸುತ್ತ ಆರು ಸ್ಥಾನಗಳು ಅಷ್ಟಮುಖಿಯ ಮೂಲೆಗಳಂತೆ ಅಣಿಗೊಂಡಿರುತ್ತವೆಂದು 1893ರಲ್ಲಿ ಪ್ರತಿಪಾದಿಸಿದ ಆಲ್‌ಫ್ರೆಡ್ ವರ್ನರ್‌ನ ಸಿದ್ಧಾಂತಕ್ಕೆ ಬಣ್ಣವೇ ಸಾಕ್ಷಿ ನುಡಿಯಬೇಕಾಯಿತು. ನಾಲ್ಕು ಅಮೋನಿಯಾಗಳುಳ್ಳ ಲವಣದಲ್ಲಿ ಎರಡು ಕ್ಲೋರಿನ್‌ಗಳು ಎದುರುಬದುರಾಗಿದ್ದರೆ ಹಸುರು. ಅಕ್ಕಪಕ್ಕದಲ್ಲಿರುವ ಮತ್ತೊಂದು ಲವಣವೂ ಇರಲೇಬೇಕೆಂಬುದು ಅವನ ವಾದ. ತೂಕದಲ್ಲಿ, ಘಟಕಗಳಲ್ಲಿ ಎಳ್ಳಷ್ಟೂ ಭೇದವಿಲ್ಲದ ಆ ನೇರಿಳೆಯ ವಯೊಲಿಯೋ ಲವಣವು 1907ರಲ್ಲಿ ಅವನ ಕೈಗೆ ದೊರೆಯಿತು; 1913ರಲ್ಲಿ ನೊಬೆಲ್ ಪಾರಿತೋಷಕವೂ ಸಂದಿತು. ತಕ್ಕಡಿಯು ಕಾಣದ ಅಂತರವನ್ನು ಕಣ್ಣು ಕಂಡಿತು, ಹೆಸರು ಅದನ್ನು ಕಾಯ್ದಿರಿಸಿತು.

ವ್ಯಕ್ತಿಗಳಿಂದ ಬಂದ ಹೆಸರುಗಳ ಬಗ್ಗೆ ನನಗೆ ಅಷ್ಟು ಮಮತೆಯಿಲ್ಲ. 1840ರ ದಶಕದಲ್ಲಿ ಇಟಲಿಯ ಪೆಯ್ರೋನೆ ತಯಾರಿಸಿದ ಪ್ಲಾಟಿನಂ ಲವಣವು ಬಹುಕಾಲ ಪೆಯ್ರೋನೆಯ ಲವಣವೆಂದೇ ಕರೆಯಲ್ಪಟ್ಟಿತಾದರೂ, ಆ ಹೆಸರಿನಿಂದ ಲವಣದ ರೂಪವಾಗಲಿ ಗುಣವಾಗಲಿ ತಿಳಿಯುವಂತಿರಲಿಲ್ಲ. ಇಂದು ಕ್ಯಾನ್ಸರ್ ರೋಗಿಗಳ ರಕ್ತನಾಳಕ್ಕೆ ಹನಿಹನಿಯಾಗಿ ಇಳಿಯುವ ಸಿಸ್‌ಪ್ಲಾಟಿನ್ ಅದೇ ಲವಣ. ಎರಡು ಅಮೋನಿಯಾಗಳು ಒಂದೇ ಪಕ್ಕದಲ್ಲಿವೆಯೆಂದು ‘ಸಿಸ್’ ಎಂಬ ಪೂರ್ವಪದ ಸೂಚಿಸುತ್ತದೆ. ಅವು ಎದುರುಬದುರಾಗಿರುವ ಸೋದರಲವಣವು ಈ ಚಿಕಿತ್ಸೆಗೆ ಒದಗದು.